ಮುಟ್ಟದ ಬಟ್ಟಲು

ಊರ ಹಿರಿಯ ಅಬೂ ಹಾಯಿಲ್ ಕಾಫಿ ಬಟ್ಟಲನ್ನು ತುಟಿಗೂ ತಾಗಿಸದೆ ನೆಲಕ್ಕಿಟ್ಟ. ಮನೆಯ ಯಜಮಾನ ಫವ್ವಾಜನ ಮೈ ಉರಿಯಿತು. ಅಲ್ಲಿನ ರೂಢಿಯಲ್ಲಿ, ಬಂದವನು ಹೀಗೆ ಬಟ್ಟಲು ಕೆಳಗಿಟ್ಟರೆ, ಕೇಳಿದ್ದು ಕೊಡುವ ತನಕ ಕುಡಿಯುವುದಿಲ್ಲ ಎಂದರ್ಥ. ಕುಡಿಯದೆ ಎದ್ದು ಹೋದರೆ ಮನೆಯ ಮಾನ ಹೋದಂತೆ.

"ಏನು ಬೇಕು ಹೇಳಿ, ದೊಡ್ಡಪ್ಪ."

"ಬಾವಿ ನೀರು. ನೀನು ಅದನ್ನ ಅಮ್ಮಾನ್ ಪಟ್ಟಣದ ಬಾಟಲಿ ನೀರಿನ ಕಂಪನಿಗೆ ಕೊಟ್ಟಾಗಿಂದ ಊರಿನ ನಲ್ಲೀಲಿ ಬರೀ ಗಾಳಿ ಬರ್ತಿದೆ. ವಾರಕ್ಕೆ ಎರಡು ದಿನ ನಮಗೆ ಬಿಡು."

"ಬಾವಿ ನಂದು. ಬಾಯಾರಿದವರು ಅಂಗಡೀಲಿ ಕೊಂಡು ಕುಡೀಲಿ." ಫವ್ವಾಜ್ ಒಂದು ಬಾಟಲಿಯನ್ನು ಅವನ ಮುಂದಕ್ಕೆ ಉರುಳಿಸಿದ. "ನಿಮಗೆ ಇದು ಪುಕ್ಕಟೆ."

"ನಮ್ಮ ನೀರಿಗೇ ಮುಚ್ಚಳ ಹಾಕಿ ನಮಗೇ ದಾನ ಮಾಡ್ತೀಯಾ? ನಿಮ್ಮಪ್ಪ ದಾರಿಹೋಕರ ಒಂಟೆಗೂ ಇಲ್ಲ ಅಂದವನಲ್ಲ."

"ಅಪ್ಪ ಸತ್ತು ಮಣ್ಣಾದ. ಕುಡೀರಿ, ಇಲ್ಲಾ ಎದ್ದು ನಡೀರಿ."

ಮೂಲೆಯಲ್ಲಿ ಕಾಫಿ ಹೀರುತ್ತಿದ್ದ ಫವ್ವಾಜನ ತಾಯಿ ತರ್ಫಾ ತಲೆ ಎತ್ತಿದಳು. ಆ ಬಾವಿ ತೋಡುವಾಗ ಗಂಡನ ಜೊತೆ ಮಣ್ಣು ಹೊತ್ತವಳು ಅವಳು. ಮೆಲ್ಲಗೆ ಮುಂದೆ ಸರಿದು, ತನ್ನ ಅರ್ಧ ಕುಡಿದ ಬಟ್ಟಲನ್ನು ಅಬೂ ಹಾಯಿಲನ ಬಟ್ಟಲಿನ ಪಕ್ಕದಲ್ಲಿಟ್ಟಳು.

"ಅಮ್ಮಾ, ನೀನು ಮನೆಯವಳು."

"ಇವತ್ತು ಬಂದವಳು ಅನ್ಕೋ. ನಾನೂ ನೀರು ಕೇಳೋಕೇ ಬಂದಿದ್ದೀನಿ. ಕೊಡ್ತೀಯೋ, ಎದ್ದು ನಡೀಲೋ?"