ಹಿಂದಿನ ಸೀಟಿನ ಕೈ

"ವೇಗ ಬೀಳ್ತಿದೆ, ತಂಬಿ. ಮೂಗು ಇಳಿಸು."

"ಸರಿ ಸಾರ್."

ವಿಮಾನದ ಮೂಗು ಇಳಿಯಲಿಲ್ಲ. ಹಿಂದಿನ ಸೀಟಿನಲ್ಲಿದ್ದ ಶಿಕ್ಷಕ ಪರಂದಾಮನ್ ತಟ್ಟನೆ ತಮ್ಮ ಬದಿಯ ನಿಯಂತ್ರಣದ ಸ್ಟಿಕ್ ಹಿಡಿದರು. "ಬಿಡು, ನಾನು ಹಿಡಿದೆ." ವಿಮಾನ ನೆಟ್ಟಗಾಯಿತು. ಮುಂದಿನ ಸೀಟಿನ ಹೆಲ್ಮೆಟ್ ಬಾಗಿತು, ತೊಡೆಗೆ ಕಟ್ಟಿದ ಹಾಳೆಯ ಮೇಲೆ ಪೆನ್ಸಿಲ್ ಆಡಿತು.

ಇವತ್ತಿನದು ಪರೀಕ್ಷೆಯ ಹಾರಾಟ. ಎರಡು ಸಲ ಸೋತಾಗಿತ್ತು. ಮೂರನೆಯ ಸಲವೂ ಸೋತರೆ ಸೀಟು ಶಾಶ್ವತವಾಗಿ ಕೈತಪ್ಪಿದಂತೆಯೇ. ಸೇನೆಯ ಪರೀಕ್ಷೆಗೆ ದಾಕ್ಷಿಣ್ಯ ಗೊತ್ತಿಲ್ಲ. ಪರಂದಾಮನ್ ಬೆಳಿಗ್ಗೆ ಪೊಂಗಲ್ ಮುಟ್ಟಿರಲಿಲ್ಲ. ಹೆಂಡತಿ ಹಣೆಗೆ ವಿಭೂತಿ ಹಚ್ಚಿ ಕಳಿಸಿದ್ದಳು.

ತಪ್ಪುಗಳು ಒಂದರ ಹಿಂದೊಂದು ಬಂದವು. ತಿರುವಿನಲ್ಲಿ ಎತ್ತರ ಕಳೆದುಹೋಯಿತು, ಏರುವಾಗ ದಿಕ್ಕು ತಪ್ಪಿತು. ಎಲ್ಲವೂ ಪಠ್ಯಪುಸ್ತಕದ ಕ್ರಮದಲ್ಲೇ. ಇಷ್ಟಾದರೂ ಮುಂದಿನ ಸೀಟಿನಿಂದ ಗಾಬರಿಯ ಉಸಿರು ಕೇಳಲಿಲ್ಲ. ಪ್ರತಿ ಸಲವೂ ಪರಂದಾಮನ್ ಕೈ ಮುಂಚೆಯೇ ಹೋಯಿತು.

ಕೆಳಗೆ ಪಾಲಾರು ನದಿ ಒಣಗಿ ಮಲಗಿತ್ತು. ನಾಲ್ಕು ತಿಂಗಳ ಹಿಂದೆ ಇದೇ ಮರಳಿನ ಮೇಲೆ ಹಾರುವಾಗ ಅವರ ಶಿಷ್ಯ ಇನಿಯನ್ ಒಂದು ತಪ್ಪು ಮಾಡಿದ್ದ. ತಾನೇ ತಿದ್ದಿಕೊಳ್ಳಲಿ ಎಂದು ಇವರು ಎರಡು ಕ್ಷಣ ಕಾದರು. ಒಂದೇ ಪ್ಯಾರಾಚೂಟ್ ಬಿಚ್ಚಿಕೊಂಡಿತು, ಇವರದು. ಹುಡುಗನ ತಾಯಿ ಬೈಯಲಿಲ್ಲ, ಊಟ ಮಾಡಿ ಹೋಗಿ ಅಂದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಇಳಿಯುವ ಹೊತ್ತಿಗೆ ವಿಮಾನ ಎಡಕ್ಕೆ ಸರಿಯತೊಡಗಿತು. ಈ ಸಲ ಕಾಯಬೇಕು ಎಂದು ಪರಂದಾಮನ್ ಹಲ್ಲು ಕಚ್ಚಿದರು. ಒಂದು ಎಂದು ಎಣಿಸಿದರು. ಎರಡು ಎನ್ನುವಷ್ಟು ಧೈರ್ಯ ಉಳಿದಿರಲಿಲ್ಲ.

"ಬಿಡು, ನಾನು ಹಿಡಿದೆ."

ಎಂಜಿನ್ ನಿಂತ ಮೇಲೂ ಅವರು ಏಳಲಿಲ್ಲ.

"ನಾನು ಎಷ್ಟು ಸಲ ಹಿಡಿದೆ, ತಂಬಿ?"

"ಏಳು ಸಲ ಸಾರ್."

"ಹಿಡೀಲೇಬೇಕಾಗಿದ್ದು?"

"ಒಂದೂ ಇಲ್ಲ ಸಾರ್. ಆಗ ನಾನು ತಪ್ಪು ಮಾಡಿದಾಗೆಲ್ಲ ನೀವು ಕೈಕಟ್ಟಿ ಕೂತಿರ್ತಿದ್ರಿ. ಅದಕ್ಕೇ ನಂಗೆ ಹಾರೋಕೆ ಬಂತು."

ಹೆಲ್ಮೆಟ್ ಕಳಚಿತು. ಕೆಳಗಿದ್ದದ್ದು ನರೆತ ಕೂದಲು. ಶಿಕ್ಷಕರನ್ನು ಪರೀಕ್ಷಿಸುವ ದಿನ ಪರೀಕ್ಷಕರೇ ಶಿಷ್ಯನ ಸೀಟಿನಲ್ಲಿ ಕೂತು ಬೇಕೆಂದೇ ತಪ್ಪು ಮಾಡುವುದು ಅಲ್ಲಿನ ಪದ್ಧತಿ. ಹದಿನೆಂಟು ವರ್ಷದ ಹಿಂದೆ ಇದೇ ಪರಂದಾಮನ್ ಕೈಯಲ್ಲಿ ಹಾರಲು ಕಲಿತಿದ್ದ ಮಾಸಿಲಾಮಣಿ, ಕಣ್ಣೊರೆಸಿಕೊಂಡು, ಹಾಳೆಯಲ್ಲಿ ಗುರುವಿನ ಹೆಸರಿನ ಮುಂದೆ ಬರೆದರು: ಕಲಿಸಲು ಯೋಗ್ಯರಲ್ಲ.