ಟಿನ್ನಿನ ಮೇಲೆ ಒಂದು ಓರೆ ಹಲ್ಲು

ಟರ್ಪೆಂಟೈನ್ ವಾಸನೆ ಬಡಿದರೆ ಈಗಲೂ ನನ್ನ ನಾಲಿಗೆ ತಾನಾಗಿಯೇ ಮುಂದಿನ ಓರೆ ಹಲ್ಲನ್ನು ತಡವುತ್ತದೆ.

ರಾಮನಗರದಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ನಮ್ಮ ಡ್ರಾಯಿಂಗ್ ಮೇಷ್ಟ್ರು ರಜೆಯ ದಿನಗಳಲ್ಲಿ ಬೋರ್ಡು ಬರೆಯುತ್ತಿದ್ದರು. ಆ ಮಧ್ಯಾಹ್ನ ನಮ್ಮ ಜಗುಲಿಯ ಮೇಲೆ ಕೂತು, ಊರಂಚಿನ ಹೊಸ ಫ್ಯಾಕ್ಟರಿಗೆ ಅಪಾಯದ ಬೋರ್ಡು ಬರೆಯುತ್ತಿದ್ದರು.

"ನೋಡ್ದೆ ಏನೂ ಬರೀಬಾರ್ದು. ಒಸಿ ಹಲ್ಲು ಕಿಸಿ ಮಗ," ಎಂದು ನನ್ನನ್ನು ಎದುರಿಗೆ ಕೂರಿಸಿಕೊಂಡರು. ಬಣ್ಣ ಮೆತ್ತಿದ ಹೆಬ್ಬೆರಳಿನಿಂದ ನನ್ನ ಕೆನ್ನೆಯ ಮೂಳೆಯನ್ನು ಒತ್ತಿ ನೋಡಿದರು. ಕಪ್ಪು ಬಳಿದ ಟಿನ್ನಿನ ತಗಡಿನ ಮೇಲೆ ಬಿಳಿ ಬುರುಡೆ ಮೂಡಿತು. ಅದರ ಮುಂದಿನ ಹಲ್ಲೂ ನನ್ನದರಂತೆಯೇ ಓರೆಯಾಗಿತ್ತು.

ಅವ್ವ ನೀರಿನ ಚೊಂಬು ತಂದು, "ಇದ್ನ ಎಲ್ಲಿ ಹಾಕ್ತಾರೆ ಸಾ?" ಎಂದು ಕೇಳಿದಳು.

"ಹಿಂದ್ಲ ಗೋಡೆಗೆ ಕಣವ್ವ. ಪೈಪಿಂದ ಕೊಳೆ ನೀರು ಬುಡ್ತಾರಲ್ಲ, ಅಲ್ಲಿ."

"ನಮ್ಮ ಬಾವಿ ಅಲ್ಲೇ ಐತಲ್ಲ!"

ಮೇಷ್ಟ್ರು ಬ್ರಷ್ಷನ್ನು ಒರೆಸುತ್ತಲೇ ಇದ್ದರು. ಬಂದಾಗಲೆಲ್ಲ ನಮ್ಮ ಚೊಂಬನ್ನು ಬರಿದು ಮಾಡುತ್ತಿದ್ದವರು, "ಬಾಯಾರಿಕೆ ಇಲ್ಲ ಕಣವ್ವ," ಎಂದು ಸೈಕಲ್ ಹತ್ತಿದರು.

ಆ ನೀರನ್ನು ನಾನೇ ಕುಡಿದೆ. ಬೋರ್ಡು ಗೋಡೆಗೇರಿದ ಮೇಲೆ, ಕೊಡ ಹಿಡಿದು ಬಾವಿಗೆ ಬಂದವರಿಗೆಲ್ಲ ಹಲ್ಲು ಕಿಸಿದು ತೋರಿಸುತ್ತಿದ್ದೆ.

"ಅಕ್ಕಾ, ನೋಡು, ಅದು ನಾನೇ!"