ಹೋಲಿಕೆಯ ಪಾಠ

“ನನ್ನ ತಂಗಿ ನನಗಿಂತ ಬಹಳ ಜಾಣೆ” ಎಂದು ಚೀನೀ ಭಾಷೆಯಲ್ಲಿ ಹಲಗೆಯ ಮೇಲೆ ಬರೆದ ಮೇಷ್ಟ್ರು, ಅದನ್ನು ಓದಲು ಇಡೀ ತರಗತಿಯಲ್ಲಿ ತಮ್ಮ ದೊಡ್ಡ ಮಗಳನ್ನೇ ಎಬ್ಬಿಸಿದರು.

ಸಂಜೆಯ ತರಗತಿ ಅದು. ಹೋಟೆಲಿನ ರಿಸೆಪ್ಷನಿಸ್ಟ್, ಯಂತ್ರದ ಬಿಡಿಭಾಗ ತರಿಸುವ ವ್ಯಾಪಾರಿ, ಹೀಗೆ ಕೆಲಸ ಮುಗಿಸಿ ಬಂದವರೇ ಎಲ್ಲ. ಹೋಲಿಸುವಾಗ ಗುಣ ಹೇಳುವ ಪದಕ್ಕೆ ಮೊದಲು ‘ತುಂಬಾ’ ಹಾಕುವಂತಿಲ್ಲ, ‘ಇನ್ನೂ’ ಹಾಕಬಹುದು, ‘ಬಹಳ’ ಎನ್ನಬೇಕಿದ್ದರೆ ಆ ಪದ ಮುಗಿದ ಮೇಲೆ ಎನ್ನಬೇಕು ಎಂದು ಮೇಷ್ಟ್ರು ಚೆನ್ನಾಗಿಯೇ ವಿವರಿಸಿದ್ದರು. ಹಾಳು ಉದಾಹರಣೆಗೆ ಮಾತ್ರ ಅವರಿಗೆ ಜಗತ್ತಿನಲ್ಲಿ ಬೇರೇನೂ ಸಿಕ್ಕಿರಲಿಲ್ಲ. ತಂಗಿ ಇವಳಿಗಿಂತ ಎತ್ತರ, ಇವಳಿಗಿಂತ ಚುರುಕು, ಇವಳಿಗಿಂತ ಇನ್ನೂ ಚೆಂದ. ಬುದ್ಧಿ ಬಂದಾಗಿನಿಂದ ಮನೆಯಲ್ಲಿ ಕೇಳಿದ್ದನ್ನೇ ಈಗ ಹೊರಗಿನವರ ಮುಂದೆ, ಇನ್ನೊಂದು ಭಾಷೆಯಲ್ಲಿ ಕೇಳಬೇಕಾಗಿತ್ತು.

ಓದಿದಳು. ಸ್ವರ ಸರಿಯಿಲ್ಲ, ಮತ್ತೊಮ್ಮೆ ಎಂದರು. ಮತ್ತೊಮ್ಮೆ ಓದಿದಳು. ‘ನನಗಿಂತ’ ಅನ್ನುವುದನ್ನು ನುಂಗಬೇಡ, ಬಾಯಿಬಿಟ್ಟು ಹೇಳು ಎಂದರು. ಹಿಂದೆ ಯಾರೋ ಕಿಸಕ್ಕೆಂದರು. ಅವಳಿಗೆ ಮೈಯೆಲ್ಲ ಉರಿಯಿತು. ಒಂದೇ ಒಂದು ಸಲ ಅಪ್ಪನ ಬಾಯಿಂದ ಶಹಬ್ಬಾಸ್ ಅನ್ನಿಸಿಕೊಳ್ಳಬೇಕೆಂದು ಈ ತರಗತಿಗೆ ಸೇರಿದವಳು. ಕನ್ನಡಿಯ ಮುಂದೆ ನಿಂತು ದವಡೆ ನೋಯುವವರೆಗೆ ಅಭ್ಯಾಸ ಮಾಡಿದವಳು.

“ಇದನ್ನ ನಾನು ಇನ್ನು ಓದಲ್ಲ ಅಪ್ಪ.”

“ಇಲ್ಲಿ ಅಪ್ಪ ಗಿಪ್ಪ ಯಾರೂ ಇಲ್ಲ. ಬರೀ ಉದಾಹರಣೆಗೆ ಯಾಕೆ ಮುಖ ಊದಿಸ್ಕೋತೀಯ?”

“ಉದಾಹರಣೆ ತಾನೇ? ನಾನೇ ಒಂದು ಕೊಡ್ತೀನಿ.”

ಹಲಗೆಯತ್ತ ನೋಡದೆ, ಅಪ್ಪನ ಕಣ್ಣಲ್ಲಿ ಕಣ್ಣಿಟ್ಟು, ಚೀನೀ ಭಾಷೆಯಲ್ಲಿ ಒಂದೊಂದೇ ಪದ ಬಿಡಿಸಿ ಹೇಳಿದಳು: ನಮ್ಮ ದೊಡ್ಡಪ್ಪ ನಮ್ಮಪ್ಪನಿಗಿಂತ ಬಹಳ ಜಾಣರು.

ಮೇಷ್ಟ್ರ ಮುಖ ಕಪ್ಪಿಟ್ಟಿತು. ಅವರ ತಾಯಿ ಕಣ್ಣು ಮುಚ್ಚುವವರೆಗೂ ಆಡಿದ ಮಾತು ಅದು. ಮನೆಯಲ್ಲಿ ಯಾರಾದರೂ ಅಣ್ಣನ ಹೆಸರೆತ್ತಿದರೆ ಇವತ್ತಿಗೂ ಅವರು ಊಟದ ತಟ್ಟೆ ಬಿಟ್ಟು ಏಳುತ್ತಾರೆ. ಇಲ್ಲಿ ಎದ್ದು ಹೋಗುವುದಾದರೂ ಎಲ್ಲಿಗೆ? ಅಭ್ಯಾಸಬಲದಿಂದ ತಪ್ಪು ಹುಡುಕಿದರು. ಪ್ರತಿ ಪದವೂ ಅದರದರ ಜಾಗದಲ್ಲಿತ್ತು, ಸ್ವರವೂ ನೆಟ್ಟಗಿತ್ತು.

“ತಪ್ಪೇನಿಲ್ಲ. ಕೂತ್ಕೋ” ಎಂದರು, ಅವಳಿಗಷ್ಟೇ ಕೇಳಿಸುವಂತೆ.

ಅವಳು ಕೂರಲಿಲ್ಲ. ಮುಂದಿನ ಬೆಂಚಿನಲ್ಲಿದ್ದ ರಿಸೆಪ್ಷನಿಸ್ಟ್ ಪೆನ್ನು ಎತ್ತಿಕೊಂಡು ಕೇಳಿದಳು:

“ಸಾರ್, ಇದನ್ನೂ ಬರ್ಕೊಳ್ಬೇಕಾ?”